ಚಿತ್ರಕೃಪೆ: ಯಾರೋ ಕಳಿಸಿದ್ದು

ನಮ್ಮ ಕಾಸರಗೋಡಿನಲ್ಲಿ ಫೋಟೋ ತೆಗೆಯುವವರಿಗೆ ಬರ ಇಲ್ಲ. ಬರ ಇರುವುದು ತೆಗೆದವರ ಹೆಸರಿಗೆ. ಬೇಕಲ ಕೋಟೆಯ ಸೂರ್ಯಾಸ್ತ, ಪೊಸಡಿ ಗುಂಪೆಯ ಮಂಜು, ಅನಂತಪುರದ ಕೆರೆ ಎಲ್ಲವೂ ಬೆಳಗಾದರೆ ಗ್ರೂಪಿಗೆ ಬಂದು ಬೀಳುತ್ತವೆ. ಕೆಳಗೆ ಒಂದು ಸಾಲು, 'ಚಿತ್ರಕೃಪೆ: ವಾಟ್ಸಾಪ್'. ಈ ವಾಟ್ಸಾಪ್ ಎಂಬ ಮಹಾನುಭಾವರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಸುಕಿನಲ್ಲಿ ಗುಡ್ಡ ಹತ್ತಿದ್ದನ್ನು ನಾನಂತೂ ಕಂಡಿಲ್ಲ. ಸ್ವಲ್ಪ ಓದಿದವರು 'ಕೃಪೆ: ಅಂತರ್ಜಾಲ' ಅಂತ ಹಾಕುತ್ತಾರೆ. ಕದ್ದರೂ ಮರ್ಯಾದೆಯಿಂದ ಕದಿಯುವ ಜನ.

ಹೆಸರು ಒಂದೇ ದಿನದಲ್ಲಿ ಮಾಯ ಆಗುವುದಲ್ಲ. ಕ್ರಮವಾಗಿ ಆಗುತ್ತದೆ. ಮೂಲೆಯಲ್ಲಿದ್ದ ಹೆಸರನ್ನು ಮೊದಲನೆಯವರು 'ಅಂದ ಕೆಡ್ತದೆ' ಅಂತ ಕತ್ತರಿಸುತ್ತಾರೆ. ಎರಡನೆಯವರು ಅದೇ ಜಾಗದಲ್ಲಿ ಒಂದು ಗುಲಾಬಿ ಇಟ್ಟು 'ಶುಭೋದಯ' ಬರೆಯುತ್ತಾರೆ. ಮೂರನೆಯವರು ಗುಲಾಬಿಯ ಪಕ್ಕ ತಮ್ಮ ಹೆಸರನ್ನೇ ಮೊಬೈಲ್ ನಂಬರ್ ಸಮೇತ ಕೂರಿಸುತ್ತಾರೆ. ಫೋಟೋದೊಳಗೆ ಅಡಗಿದ್ದ ದಿನಾಂಕ, ಕ್ಯಾಮೆರಾದ ವಿವರಗಳನ್ನು ವಾಟ್ಸಾಪ್ ದಾರಿಯಲ್ಲೇ ಒರೆಸಿ ಹಾಕಿರುತ್ತದೆ. ಇನ್ನು ಸಾಕ್ಷಿ ಹೇಳುವವರು ಯಾರು?

ನಮ್ಮ ಕಾನೂನು ಬೇರೆಯೇ ಹೇಳುತ್ತದೆ. 2012ರ ತಿದ್ದುಪಡಿ ಬಂದ ಮೇಲೆ ಫೋಟೋದ ಹಕ್ಕು ತೆಗೆದವರಿಗೆ ಬದುಕಿರುವಷ್ಟು ಕಾಲ ಇರುತ್ತದೆ, ಸತ್ತ ಮೇಲೂ 60 ವರ್ಷ ಇರುತ್ತದೆ. ಗ್ರೂಪಿನಲ್ಲಿ ಮಾತ್ರ ಮಧ್ಯಾಹ್ನದ ಊಟದವರೆಗೆ ಬಾಳಿದರೆ ದೊಡ್ಡದು.

2022ರ ಅಕ್ಟೋಬರಿನಲ್ಲಿ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ ತೀರಿಕೊಂಡಾಗ ಆದದ್ದು ನೆನಪಿದೆ ಅಲ್ವಾ? ಊರಿಗೆ ಊರೇ ಕಣ್ಣೀರು ಹಾಕಿತು. ಅದು ನಿಜವಾದ ಕಣ್ಣೀರು, ಮೊಸಳೆಯದ್ದಲ್ಲ. ಆಗ ಸ್ಟೇಟಸ್ಸುಗಳಲ್ಲಿ ಒಬ್ಬ ಮನುಷ್ಯ ಮೊಸಳೆಯ ಜೊತೆ ಸಲಿಗೆಯಿಂದ ಇರುವ ಫೋಟೋ ಬಬಿಯಾನದ್ದೇ ಅಂತ ಓಡಾಡಿತು. ಆ ಮನುಷ್ಯ ಕೋಸ್ಟರಿಕಾದ ಮೀನುಗಾರ. ಮೊಸಳೆಯ ಹೆಸರು ಪೊಚೊ, ಅದು 2011ರಲ್ಲೇ ಸತ್ತಿತ್ತು. ಪೊಚೊ ಕೋಳಿ, ಮೀನು ತಿಂದು ಬೆಳೆದದ್ದು. ನಮ್ಮ ಬಬಿಯಾ ನೈವೇದ್ಯದ ಅನ್ನಕ್ಕೆ ಹೆಸರಾದವ. ಫೋಟೋದಡಿ ಒಂದು ಹೆಸರು ಉಳಿದಿದ್ದರೆ ಕೋಳಿ ತಿಂದವನಿಗೆ ಇಷ್ಟೊಂದು ಜನ ಕೈಮುಗಿಯುತ್ತಿರಲಿಲ್ಲ.

ಕುಂಬಳೆಯ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿರುವ ಯಕ್ಷಗಾನ ಪ್ರಸಂಗಗಳನ್ನು ನಿಜವಾಗಿ ಬರೆದವರು ಯಾರು ಅಂತ ದೊಡ್ಡ ದೊಡ್ಡ ವಿದ್ವಾಂಸರು ವರ್ಷಗಟ್ಟಲೆ ಜಗಳ ಮಾಡಿದ್ದಾರೆ. ಅಂಥ ಊರು ನಮ್ಮದು! ಅವರೆಲ್ಲ ಈಗ ಇದ್ದಿದ್ದರೆ ಸುಮ್ನೆ 'ಫಾರ್ವರ್ಡ್ ಆಗಿ ಬಂದದ್ದು' ಅಂತ ಮುಗಿಸಬಹುದಿತ್ತು.

ಕೈಯಲ್ಲಿ ಚಿತ್ರ ಬಿಡಿಸುವವರ ಪಾಡು ಇನ್ನೂ ಚೆಂದ. ಹುಡುಗಿಯೊಬ್ಬಳು ಯಕ್ಷಗಾನದ ಬಣ್ಣದ ವೇಷದ ಮುಖವನ್ನು ಜಲವರ್ಣದಲ್ಲಿ ಬರೆದು ಗ್ರೂಪಿಗೆ ಹಾಕಿದಳು. ಮುಖಕ್ಕೆ ಅಕ್ಕಿಹಿಟ್ಟಿನಲ್ಲಿ ಇಡುವ ಬಿಳಿ ಚುಟ್ಟಿಯ ಒಂದೊಂದು ಮುಳ್ಳನ್ನೂ ಬಿಳಿ ಕಾಗದವನ್ನು ಹಾಗೆಯೇ ಬಿಟ್ಟು ತೋರಿಸಿದ್ದಳು. ಜಲವರ್ಣದಲ್ಲಿ ಬಿಳಿ ಬಿಡಿಸುವುದು ಅಂದರೆ ಅಲ್ಲಿ ಕುಂಚ ತಾಗಿಸದೇ ಇರುವುದು. ಮೊದಲ ಪ್ರಶ್ನೆ, "ಯಾವ ಆ್ಯಪ್?" ಎರಡನೆಯದು, "ಪ್ರಾಂಪ್ಟ್ ಕಳಿಸ್ತೀರಾ ತಂಗೀ?" ಕೈಯಲ್ಲೇ ಬರೆದದ್ದು ಅಂದಾಗ ಒಬ್ಬರಿಗೆ ನಿಜಕ್ಕೂ ಬೇಜಾರಾಯಿತು. "ಅಯ್ಯೋ, ಅಷ್ಟು ಕಷ್ಟ ಯಾಕೆ ಮಾರಾಯ್ತಿ!"

ಕಡೆಗೆ ಅಡ್ಮಿನ್ ಅಣ್ಣ ಪರಿಹಾರ ಹುಡುಕಿದರು. ಇನ್ನು ಮುಂದೆ ಕಳ್ಳತನ ಆಗಬಾರದು ಅಂತ ಎಲ್ಲ ಚಿತ್ರಗಳ ನಡುಮಧ್ಯಕ್ಕೆ ಗ್ರೂಪಿನ ಲಾಂಛನ ಹಾಕಿದರು. ಲಾಂಛನದಲ್ಲಿ ಇರುವುದು ಅವರದೇ ಫೋಟೋ.

ಮೊನ್ನೆ ಜಾತ್ರೆಯ ಫ್ಲೆಕ್ಸಿನಲ್ಲಿ ಪರಿಚಯದ ಹುಡುಗನೊಬ್ಬ ತಾನೇ ತೆಗೆದ ದೈವದ ಕೋಲದ ಫೋಟೋ ನೋಡಿದ. ಅಕ್ಕಪಕ್ಕ ಪುಢಾರಿಗಳ ಮುಖ, ಎಲ್ಲರ ಹೆಸರೂ ದಪ್ಪಕ್ಷರದಲ್ಲಿ. ಇವನ ಹೆಸರು ಬಿಟ್ಟು. ಹಾಕಿಸಿದವರಿಗೆ ಫೋನು ಮಾಡಿ, "ಅಣ್ಣಾ, ಅದು ನಾನು ತೆಗೆದದ್ದು" ಅಂದ.

"ಹೌದಾ ತಮ್ಮಾ? ಒಳ್ಳೆದಾಯ್ತು, ಮೊದಲೇ ಹೇಳಬಾರದಿತ್ತಾ? ಇದು ಸ್ವಲ್ಪ ಒಡೆದು ಬಂದಿದೆ. ಒರಿಜಿನಲ್ ಇದ್ದರೆ ಡಾಕ್ಯುಮೆಂಟ್ ಮಾಡಿ ಕಳಿಸು, ಮುಂದಿನ ವರ್ಷಕ್ಕಾಯ್ತು."