ಟಾಸ್ಕ್ ಮ್ಯಾನೇಜರ್ ತೆರೆದರೆ ಎಲ್ಲರೂ ಸಂಭಾವಿತರು

ಮಧ್ಯಾಹ್ನ ಊಟ ಮುಗಿಸಿ ಬಂದರೆ ಲ್ಯಾಪ್‌ಟಾಪಿನ ಫ್ಯಾನು ಭರ್ರೋ ಎನ್ನುತ್ತಿದೆ. ತೆರೆದಿಟ್ಟಿದ್ದು ಒಂದು ವರ್ಡ್ ಫೈಲು, ಅದರಲ್ಲೂ ಅರ್ಧ ಪುಟ. ಯಾರಪ್ಪಾ ಮೇಯುತ್ತಿರುವುದು ಎಂದು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತುತ್ತೀರಿ. ಯಾವ ಪ್ರೋಗ್ರಾಂ ಎಷ್ಟು ಮೇಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರಿನ ಪಟ್ಟಿ ತೆರೆದುಕೊಳ್ಳುವಷ್ಟರಲ್ಲಿ ಫ್ಯಾನು ಸುಮ್ಮನಾಗಿರುತ್ತದೆ. ಸಿಪಿಯು, ಅಂದರೆ ಪ್ರೊಸೆಸರಿನ ಬಳಕೆ, ಶೇ. 4. ಉದ್ದಕ್ಕೂ ಸೊನ್ನೆಗಳು. ಇದ್ದುದರಲ್ಲಿ ಸ್ವಲ್ಪ ತಿನ್ನುತ್ತಿರುವವನು ಒಬ್ಬನೇ, ಅವನೂ ಟಾಸ್ಕ್ ಮ್ಯಾನೇಜರೇ.

ಇದು ಭ್ರಮೆಯೇನಲ್ಲ. ವೈರಸ್ ತಪಾಸಣೆ, ಡಿಸ್ಕ್ ಒಪ್ಪಗೊಳಿಸುವುದು ಮುಂತಾದ ಒಳಗಿನ ಕೆಲಸಗಳನ್ನು ವಿಂಡೋಸ್ ನೀವು ಕೀಬೋರ್ಡ್ ಮುಟ್ಟದ ಹೊತ್ತಿಗೆಂದೇ ಎತ್ತಿಟ್ಟುಕೊಂಡಿರುತ್ತದೆ. ಆಟೊಮ್ಯಾಟಿಕ್ ಮೇಂಟೆನೆನ್ಸ್ ಎಂಬ ಈ ವ್ಯವಸ್ಥೆ ಲೆಕ್ಕಪ್ರಕಾರ ನಡುರಾತ್ರಿ ಕಳೆದ ಮೇಲೆ ನಡೆಯಬೇಕು. ಆದರೆ ರಾತ್ರಿ ಗೋಡೆಯ ಸ್ವಿಚ್ಚನ್ನೂ ಆರಿಸಿಯೇ ಮಲಗುವ ಮನೆಗಳು ನಮ್ಮವು. ತಪ್ಪಿಹೋದ ಕೆಲಸ, ಚಾರ್ಜರ್ ಹಾಕಿಟ್ಟು ನೀವು ಊಟಕ್ಕೆ ಎದ್ದ ಹೊತ್ತು ನೋಡಿ ಶುರುವಾಗುತ್ತದೆ. ಮೌಸ್ ಅಲುಗಿತೋ, ಕೈಲಿದ್ದುದನ್ನು ಅಲ್ಲೇ ಬಿಟ್ಟು ನಿಂತುಬಿಡುತ್ತದೆ. ಹಿಡಿಯಲು ಒತ್ತಿದ ಕೀಲಿಯೇ ಓಡಿಹೋಗಲು ಕೊಟ್ಟ ಸೂಚನೆ. (ಕದ್ದು ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುವ ಕೆಲವು ಮಾಲ್‌ವೇರುಗಳು ಟಾಸ್ಕ್ ಮ್ಯಾನೇಜರ್ ತೆರೆದದ್ದನ್ನು ಕಂಡೇ ಅಡಗುತ್ತವೆ. ಅವುಗಳ ಜಾತಿ ಬೇರೆ.)

ಹಿಡಿಯುವ ದಾರಿ ಇದೆ. ಡೀಟೇಲ್ಸ್ ಟ್ಯಾಬಿಗೆ ಹೋಗಿ, ಕಾಲಂ ತಲೆಬರಹದ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್ ಕಾಲಮ್ಸ್ ಒಳಗೆ 'ಸಿಪಿಯು ಟೈಮ್' ಎಂಬುದಕ್ಕೆ ಟಿಕ್ ಹಾಕಿ. ಎಲ್ಲರೂ ದಿಟ್ಟಿಸುವ ಆ ಶೇಕಡಾ ಬರೀ ಕಳೆದ ಕ್ಷಣದ ಮಾತು. ಈ ಕಾಲಂ ಆ ಪ್ರೋಗ್ರಾಂ ಶುರುವಾದಾಗಿನಿಂದ ಪ್ರೊಸೆಸರಿನ ಎಷ್ಟು ಗಂಟೆ, ನಿಮಿಷ, ಸೆಕೆಂಡು ತಿಂದಿದೆ ಎಂದು ಹೇಳುತ್ತದೆ. ಈಗ ಸೊನ್ನೆ ತೋರಿಸಿಕೊಂಡು ಮುಗ್ಧನಾಗಿ ಕೂತವನ ಎದುರು ಒಂದೂಕಾಲು ಗಂಟೆ ಕಂಡರೆ, ನೀವು ಉಣ್ಣುವಾಗ ಉಂಡವನು ಬಹುಶಃ ಅವನೇ.

ಆದರೆ ಈ ಕಾಲಂ ಪ್ರಕಾರ ಸಾರ್ಟ್ ಮಾಡಿದೊಡನೆ ಎಲ್ಲರಿಗಿಂತ ಮೇಲೆ ಬಂದು ಕೂರುವವನು ಇನ್ನೊಬ್ಬ: ಸಿಸ್ಟಮ್ ಐಡಲ್ ಪ್ರೋಸೆಸ್. ಕಂಪ್ಯೂಟರ್ ಹೊತ್ತಿಸಿ 8 ಗಂಟೆಯಾಗಿದ್ದರೆ ಇವನ ಖಾತೆಯಲ್ಲಿ 61 ಗಂಟೆ! ಎಂಟು ಲಾಜಿಕಲ್ ಪ್ರೊಸೆಸರುಗಳು, ಅಂದರೆ ಒಟ್ಟಿಗೇ ದುಡಿಯಬಲ್ಲ ಎಂಟು ಕೈಗಳು ಇದ್ದರೆ ಎಂಟು ಗಂಟೆಯಲ್ಲಿ ಹಂಚಲು ಸಿಗುವುದು 64 ಗಂಟೆ. ಅದರಲ್ಲಿ ಯಾರೂ ಬಳಸದ 61 ಇವನ ಪಾಲು.

ಐವತ್ತು ಸೀಟಿನ ಬಸ್ಸಿನಲ್ಲಿ ಮೂವರೇ ಕೂತಿದ್ದಾರೆ ಅನ್ನಿ. ಲೆಕ್ಕ ಸರಿಹೋಗಲಿ ಎಂದು ಕಂಡಕ್ಟರು ವೇ ಬಿಲ್ಲಿನಲ್ಲಿ 'ಖಾಲಪ್ಪ, 47 ಸೀಟು' ಎಂದು ಬರೆದುಕೊಳ್ಳುತ್ತಾನೆ. ಹಿಂದೆ ಕೂತವರೊಬ್ಬರು ಅದನ್ನು ಬಗ್ಗಿ ನೋಡಿ, 'ಯಾರ್ರೀ ಅವನು ಖಾಲಪ್ಪ, ಬಸ್ಸೆಲ್ಲಾ ಅವನೇ ಹಿಡ್ಕೊಂಡಿದ್ದಾನೆ, ಇಳಿಸ್ರೀ ಮೊದಲು' ಎಂದು ಗಲಾಟೆ ತೆಗೆಯುತ್ತಾರೆ. ಮೈಕ್ರೋಸಾಫ್ಟಿನ ಡೇವ್ ಪ್ಲಮರ್ ಬರೆದ ಟಾಸ್ಕ್ ಮ್ಯಾನೇಜರ್ 1996ರ ವಿಂಡೋಸ್ ಎನ್‌ಟಿ 4.0ರಲ್ಲಿ ಬಂದಾಗಿನಿಂದ ಈ ಖಾಲಪ್ಪನ ಮೇಲಿನ ದೂರು ನಿಂತಿಲ್ಲ. 'ಐಡಲ್ ಪ್ರೋಸೆಸ್ ಶೇ. 97 ಸಿಪಿಯು ತಿಂತಾ ಇದೆ, ತೆಗೆಯೋದು ಹೇಗೆ?' ಖಾಲಪ್ಪನ ಪ್ರೋಸೆಸ್ ಸಂಖ್ಯೆ ಸೊನ್ನೆ. ಎಂಡ್ ಟಾಸ್ಕಿಗೆ ಜಗ್ಗುವವನಲ್ಲ. ಹತ್ತಲು ಬೇರೆ ಯಾರಾದರೂ ಬಂದರೆ ಮಾತಿಲ್ಲದೆ ಎದ್ದು ಸೀಟು ಬಿಡುತ್ತಾನೆ. ಯಾರೂ ಬರದಿದ್ದರೆ ಪ್ರೊಸೆಸರಿನ ಆ ಭಾಗವನ್ನು (ಕೋರ್) ನಿದ್ದೆಗೆ ಕಳಿಸಿ ಕರೆಂಟು ಉಳಿಸುತ್ತಾನೆ. ಅಂದರೆ 97 ಕಂಡಾಗ ನಿಶ್ಚಿಂತೆಯಿಂದ ಇರಬೇಕು, ಖಾಲಪ್ಪನ ಅಂಕಿ 3ಕ್ಕೆ ಇಳಿದಾಗ ಎದೆ ಹೊಡೆದುಕೊಳ್ಳಬೇಕು. 2012ರ ವಿಂಡೋಸ್ 8ರಲ್ಲಿ ಕೊನೆಗೂ ಬುದ್ಧಿ ಬಂದು ಮೊದಲ ಟ್ಯಾಬಿನಿಂದ ಅವನನ್ನು ಮರೆಮಾಡಿದರು, ಡೀಟೇಲ್ಸಿನಲ್ಲಿ ಮಾತ್ರ ಉಳಿಸಿಕೊಂಡರು. ಲಿನಕ್ಸಿನಲ್ಲಿ ಇದೇ ಕೆಲಸ ಮಾಡುವ 'ಟಾಪ್' ಅವನನ್ನು ಪಟ್ಟಿಗೇ ಸೇರಿಸದೆ, ಮೇಲಿನ ಸಾಲಿನಲ್ಲಿ 'ಐಡಿ' (ಐಡಲ್) ಎಂಬ ಎರಡಕ್ಷರದಲ್ಲಿ ಮುಗಿಸುತ್ತದೆ. ಹಾಗಂತ ಅಲ್ಲಿ ನೆಮ್ಮದಿಯೇ? ನಾಲ್ಕು ಕೋರುಗಳನ್ನು ಪೂರ್ತಿ ದುಡಿಸುವ ಪ್ರೋಗ್ರಾಮಿನ ಎದುರು ಟಾಪ್ ಶೇ. 400 ಎಂದು ಬರೆದು ಬೇರೆಯದೇ ಗಾಬರಿ ಹುಟ್ಟಿಸುತ್ತದೆ. ಶಿಫ್ಟ್ ಹಿಡಿದು 'ಐ' ಒತ್ತಿದರೆ ಅದು ಕೋರುಗಳ ಮೊತ್ತದಿಂದ ಭಾಗಿಸಿ ನೂರರೊಳಗೆ ತರುತ್ತದೆ.

ಪರ್ಫಾರ್ಮೆನ್ಸ್ ಟ್ಯಾಬಿನ 'ಅಪ್ ಟೈಮ್' ಕೂಡ ಇಂಥದೇ ತಕರಾರಿನ ಮೂಲ. ದಿನಾ ರಾತ್ರಿ ಶಟ್‌ಡೌನ್ ಮಾಡುವವರ ಯಂತ್ರವೂ ಹನ್ನೊಂದು ದಿನದಿಂದ ಎದ್ದೇ ಇದೆ ಎನ್ನುತ್ತದೆ. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಎಂಬುದು ಪೂರ್ತಿ ಆರಿಸುವುದಲ್ಲ. ವಿಂಡೋಸಿನ ತಿರುಳನ್ನು ಡಿಸ್ಕಿಗೆ ಬರೆದಿಟ್ಟು ಮಲಗುವುದು. ನಿಜವಾಗಿ ಹೊಸದಾಗಿ ಎಬ್ಬಿಸುವುದು ರೀಸ್ಟಾರ್ಟ್. ಆಫ್ ಮಾಡಿ ಆನ್ ಮಾಡಿದರೂ ಸರಿಹೋಗದ್ದು ರೀಸ್ಟಾರ್ಟಿಗೆ ಸರಿಹೋಗುವುದರ ಗುಟ್ಟು ಇಷ್ಟೇ. ಇದನ್ನು ಮೆನುವಿನಲ್ಲೇ ಒಂದು ಸಾಲು ಬರೆದಿದ್ದರೆ ಏನು ಕಳೆದುಕೊಳ್ಳುತ್ತಿದ್ದರೋ.

ಇನ್ನು ಕುಣಿಯುವ ಸಾಲುಗಳು. ಸಿಪಿಯು ಪ್ರಕಾರ ಸಾರ್ಟ್ ಮಾಡಿ, ಬೇಕಾದವನ ಮೇಲೆ ಗುರಿಯಿಟ್ಟು ಕ್ಲಿಕ್ ಮಾಡುವಷ್ಟರಲ್ಲಿ ಅವನು ಮೂರು ಸಾಲು ಕೆಳಗೆ ಜಾರಿರುತ್ತಾನೆ, ಏಟು ಬೀಳುವುದು ಪಕ್ಕದವನಿಗೆ. ಕಂಟ್ರೋಲ್ ಕೀಲಿ ಒತ್ತಿ ಹಿಡಿದರೆ ಪಟ್ಟಿ ಹಾಗೇ ನಿಲ್ಲುತ್ತದೆ. ಬಿಟ್ಟರೆ ಮತ್ತೆ ಓಡುತ್ತದೆ. ಇಷ್ಟು ಒಳ್ಳೆಯ ಸೌಕರ್ಯವನ್ನು ಯಾವ ಗುಂಡಿಯ ಮೇಲೂ ಬರೆಯದೆ ಬಚ್ಚಿಟ್ಟಿದ್ದಾರೆ.

ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ನೆನಪು) ಖಾಲಿ ಮಾಡಿ ವೇಗ ಹೆಚ್ಚಿಸುತ್ತೇವೆ ಎನ್ನುವ ಬೂಸ್ಟರುಗಳ ಬಗ್ಗೆ ಹೆಚ್ಚು ಹೇಳಿದರೆ ಬಿಪಿ ಏರುತ್ತದೆ. ಖಾಲಿ ಬಿದ್ದ ರ‍್ಯಾಮ್ ಯಾರಿಗೂ ಉಪಯೋಗವಿಲ್ಲ ಎಂದೇ ವಿಂಡೋಸ್ ಅದರಲ್ಲಿ ಫೈಲುಗಳನ್ನು 'ಕ್ಯಾಶ್ಡ್' ಎಂದು ತುಂಬಿಟ್ಟುಕೊಳ್ಳುತ್ತದೆ, ಬೇಕೆಂದಾಗ ಕ್ಷಣದಲ್ಲಿ ಬಿಟ್ಟುಕೊಡುತ್ತದೆ. ಬೂಸ್ಟರು ಬಂದು ಎಲ್ಲರನ್ನೂ ಹೊರದೂಡಿ ಹಸಿರು ಬಣ್ಣದಲ್ಲಿ ನಗುತ್ತದೆ. ಆಮೇಲೆ ಅದೇ ದತ್ತಾಂಶವನ್ನು ಡಿಸ್ಕಿನಿಂದ ಮತ್ತೆ ಹೊತ್ತು ತರುವಾಗ ಕಾಯುವವರು ನೀವು.

ಡಿಸ್ಕ್ ಶೇ. 100 ಎಂದು ಕೆಂಪಗೆ ಕಂಡಾಗ ರಿಪೇರಿ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: 'ವಿಂಡೋಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು.' ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಡಿಸ್ಕ್ ಒತ್ತಿ ನೋಡಿದವರು ಆ ಮಾತು ಹೇಳುವುದಿಲ್ಲ. ಆ 100 ಬರೀ 'ಆಕ್ಟಿವ್ ಟೈಮ್', ಡಿಸ್ಕ್ ಬಿಡುವಿಲ್ಲದೆ ಇತ್ತು ಎಂದಷ್ಟೇ ಅರ್ಥ. ನೋಡಬೇಕಾದ್ದು ಅದರ ಕೆಳಗಿನ 'ಆವರೇಜ್ ರೆಸ್ಪಾನ್ಸ್ ಟೈಮ್' ಮತ್ತು ಓದು-ಬರಹದ ವೇಗ. ಸೆಕೆಂಡಿಗೆ ಹತ್ತಾರು ಎಂಬಿ ಓಡುತ್ತಿದ್ದು, ರೆಸ್ಪಾನ್ಸ್ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಹತ್ತಿಪ್ಪತ್ತು ಮಿಲಿಸೆಕೆಂಡಿನಲ್ಲಿದ್ದರೆ ಯಾರೋ ಗೇಯುತ್ತಿದ್ದಾರೆ, ಕಾದರೆ ಮುಗಿಯುತ್ತದೆ. ವೇಗ ಕೆಲವೇ ನೂರು ಕೆಬಿಯಲ್ಲಿ ತೆವಳುತ್ತಿದ್ದು, ರೆಸ್ಪಾನ್ಸ್ ಸಾವಿರ ಮಿಲಿಸೆಕೆಂಡು ದಾಟಿ, ನೀವು ಏನೂ ಮಾಡದಿದ್ದಾಗಲೂ ಅಲ್ಲೇ ನಿಂತಿದ್ದರೆ ಡಿಸ್ಕೇ ಕೈಕೊಡುವ ಸೂಚನೆ, ಬಹಳವಾದರೆ ಕೇಬಲ್ ಸಡಿಲ. ಆಗ ಫಾರ್ಮ್ಯಾಟ್ ಎಂಬುದು ಉಳಿದ ಫೋಟೊಗಳಿಗೂ ಎಳ್ಳುನೀರು. ಮಗುವಿನ ನಾಮಕರಣ, ಆಸ್ತಿ ಪತ್ರದ ಸ್ಕ್ಯಾನು, ಹೀಗೆ ಮುಖ್ಯವಾದ್ದನ್ನು ಮೊದಲು, ಸಣ್ಣ ಸಣ್ಣ ಫೋಲ್ಡರುಗಳಾಗಿ ಇನ್ನೊಂದು ಡಿಸ್ಕಿಗೆ ಎತ್ತಿಕೊಳ್ಳಿ. ಅಂಗಡಿಯವರು ಅಲ್ಲಿಯವರೆಗೆ ಟೀ ಕುಡಿಯಲಿ.