ಸಾವಿನ ಕಾರಣ ಬರೆಯುವವರಿಗೂ ಮತ ಹಾಕುವ ಊರಿನಿಂದ

ಬೆಸ ಸಂಖ್ಯೆಯ ವರ್ಷಗಳ ನವೆಂಬರಿನಲ್ಲಿ, ಅಧ್ಯಕ್ಷ ಚುನಾವಣೆಯ ಗದ್ದಲವೇನೂ ಇಲ್ಲದಿರುವಾಗ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಸ್ಥಳೀಯ ಚುನಾವಣೆಗಳು ನಡೆಯುತ್ತವೆ. ನ್ಯಾಯಾಧೀಶರು, ಶೆರಿಫ್, ಖಜಾಂಚಿ ಮುಂತಾದವರ ಜೊತೆಗೆ, ನಾಲ್ಕು ವರ್ಷಕ್ಕೊಮ್ಮೆ, ಅದೇ ಮತಪತ್ರದಲ್ಲಿ ಕೊರೋನರ್ ಹುದ್ದೆಯ ಅಭ್ಯರ್ಥಿಗಳ ಹೆಸರೂ ಇರುತ್ತದೆ. ಹಠಾತ್ತಾಗಿ, ಅಪಘಾತದಲ್ಲಿ, ಅನುಮಾನಾಸ್ಪದವಾಗಿ ಅಥವಾ ವೈದ್ಯರ ಆರೈಕೆಯಿಲ್ಲದೆ ಯಾರಾದರೂ ಸತ್ತರೆ ಆ ಸಾವಿನ ಕಾರಣವನ್ನೂ ಬಗೆಯನ್ನೂ (ಸಹಜವೋ, ಅಪಘಾತವೋ, ಆತ್ಮಹತ್ಯೆಯೋ, ಕೊಲೆಯೋ ಎಂಬುದನ್ನು) ನಿರ್ಧರಿಸಿ ಮರಣ ಪ್ರಮಾಣಪತ್ರಕ್ಕೆ ಸಹಿ ಹಾಕುವ ಅಧಿಕಾರಿ ಇವರು. ಇಂಥ ಕೆಲಸಕ್ಕೆ ಓಟು ಕೇಳಿ ಆರಿಸಿಬರುವುದು ಕರ್ನಾಟಕದಲ್ಲಿ ಬೆಳೆದ ನನ್ನಂಥವನಿಗೆ ಮೊದಮೊದಲು ತಮಾಷೆಯಾಗಿ ಕಂಡಿತ್ತು. ಇಲ್ಲಿಯ ಹಳ್ಳಿಗಾಡಿನ ಕೌಂಟಿಯೊಂದರಲ್ಲಿ ಬಹುಕಾಲ ನೆಲೆಸಿದ ಮೇಲೆ ಈಗ ನನಗೆ ಅನ್ನಿಸುವುದು ಬೇರೆ: ಚುನಾವಣೆ ಈ ಹುದ್ದೆಗೆ ತಕ್ಕ ದಾರಿಯಲ್ಲ, ಆದರೆ ಈ ಹುದ್ದೆ ಪೊಲೀಸರಿಂದ ಬೇರೆಯಾಗಿ ನಿಂತಿರುವುದು ನಮ್ಮ ರಾಜ್ಯವೂ ಗಮನಿಸಬೇಕಾದ ಸಂಗತಿ.

ಹುದ್ದೆ ಬಹಳ ಹಳೆಯದು. 1194ರಲ್ಲಿ ಇಂಗ್ಲೆಂಡಿನಲ್ಲಿ ರಾಜನ ಆದಾಯದ ಹಿತ ಕಾಯಲು ಹುಟ್ಟಿಕೊಂಡದ್ದು ವಲಸೆಗಾರರ ಜೊತೆ ಅಟ್ಲಾಂಟಿಕ್ ದಾಟಿ ಬಂದು ಇಲ್ಲಿ ಬೇರುಬಿಟ್ಟಿತು. ಅದನ್ನು ಕಿತ್ತೊಗೆಯುವ ಪ್ರಯತ್ನಗಳೂ ಹಳೆಯವೇ. ಮ್ಯಾಸಚೂಸೆಟ್ಸ್ 1877ರಲ್ಲಿಯೇ ಕೊರೋನರ್ ಹುದ್ದೆಯನ್ನು ರದ್ದು ಮಾಡಿ ವೈದ್ಯರನ್ನು ನೇಮಿಸಿತು. 1928ರಲ್ಲಿ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವರದಿಯೊಂದು ಇದು ಕಾಲ ಮೀರಿದ ಸಂಸ್ಥೆ, ತೆಗೆದುಹಾಕಿ ಎಂದಿತು. 2009ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಆದರೂ ಸಾವಿರಕ್ಕೂ ಹೆಚ್ಚು ಕೌಂಟಿಗಳಲ್ಲಿ ಅದು ಉಳಿದಿದೆ. ಅರ್ಹತೆಯ ನಿಯಮಗಳಂತೂ ರಾಜ್ಯಕ್ಕೊಂದು ಬಗೆ. ಓಹಾಯೋದಲ್ಲಿ ಪರವಾನಗಿ ಪಡೆದ ವೈದ್ಯರೇ ಆಗಿರಬೇಕು. ಜಾರ್ಜಿಯಾದಲ್ಲಿ 25 ವರ್ಷ ತುಂಬಿ ಹೈಸ್ಕೂಲು ಮುಗಿಸಿದ್ದರೆ ಅಭ್ಯರ್ಥಿಯಾಗಬಹುದು. ಪೆನ್ಸಿಲ್ವೇನಿಯಾದ 67 ಕೌಂಟಿಗಳ ಪೈಕಿ ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್ ನಗರವಿರುವ ಅಲೆಘೆನಿ ಮುಂತಾದ ಕೆಲವೆಡೆ ನೇಮಕಗೊಂಡ ವೈದ್ಯಾಧಿಕಾರಿ ಇದ್ದಾರೆ. ಮಿಕ್ಕ ಕಡೆ ಚುನಾಯಿತ ಕೊರೋನರ್. ಅವರು ವೈದ್ಯರಾಗಿರಬೇಕೆಂದಿಲ್ಲ, ರಾಜ್ಯ ನಡೆಸುವ ಮೂಲ ತರಬೇತಿಯನ್ನು ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಕು.

ಚುನಾವಣೆ ನಡೆಯುವ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಫೆಬ್ರವರಿಯ ಹಿಮದಲ್ಲಿ ಅಭ್ಯರ್ಥಿ ಮನೆಮನೆಗೆ ಹೋಗಿ ನಾಮಪತ್ರಕ್ಕೆ ಸಹಿ ಸಂಗ್ರಹಿಸುತ್ತಾರೆ; ಸಹಿ ಹಾಕುವವರು ಅದೇ ಪಕ್ಷದ ನೋಂದಾಯಿತ ಮತದಾರರಾಗಿರಬೇಕು. ಮೇ ತಿಂಗಳಲ್ಲಿ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆ. ಒಂದೇ ಪಕ್ಷದ ಬಲವಿರುವ ಹಳ್ಳಿಗಾಡಿನಲ್ಲಿ ನಿಜವಾದ ತೀರ್ಮಾನ ಅಲ್ಲಿಯೇ ಆಗಿಹೋಗುತ್ತದೆ, ಎಷ್ಟೋ ಸಲ ಎದುರಾಳಿಯೇ ಇರುವುದಿಲ್ಲ. ನಮ್ಮ ಕೌಂಟಿಯಲ್ಲಿ ಒಮ್ಮೆ ಮೂವರು ಕಣದಲ್ಲಿದ್ದರು: ಶವಸಂಸ್ಕಾರದ ವ್ಯವಹಾರ ನಡೆಸುವ ಮನೆತನದವರೊಬ್ಬರು, ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು, ಆಂಬುಲೆನ್ಸಿನಲ್ಲಿ ಬಹುಕಾಲ ದುಡಿದು ಹಿಂದಿನ ಕೊರೋನರಿಗೆ ಸಹಾಯಕಿಯಾಗಿದ್ದ ಮಹಿಳೆಯೊಬ್ಬರು. ಸ್ವಯಂಸೇವಕ ಅಗ್ನಿಶಾಮಕ ದಳದ ಸಭಾಂಗಣದಲ್ಲಿ, ಭಾನುವಾರದ ಪ್ಯಾನ್‌ಕೇಕ್ ಉಪಾಹಾರದ ನಡುವೆ, ಮೂವರೂ ಮೇಜಿಂದ ಮೇಜಿಗೆ ಹೋಗಿ ಕೈಕುಲುಕಿ ಕಾರ್ಡು ಕೊಡುತ್ತಿದ್ದರು. ರಸ್ತೆ ಮಾಡಿಸುತ್ತೇನೆ, ನೀರು ತರುತ್ತೇನೆ ಎಂಬ ಭರವಸೆಗಳಿಗೆ ಎಡೆಯಿಲ್ಲದ ಪ್ರಚಾರವದು. ನನ್ನನ್ನು ಗೆಲ್ಲಿಸಿದರೆ ಸಾವು ಕಡಿಮೆಯಾಗುತ್ತದೆ ಎಂದು ಯಾರೂ ಹೇಳುವಂತಿಲ್ಲ. ಹಾಲಿನ ಡೈರಿ ಇಟ್ಟಿರುವ ಮುದುಕರೊಬ್ಬರು ಮೂವರಿಗೂ ಒಂದೇ ಪ್ರಶ್ನೆ ಹಾಕಿದರು: ರಾತ್ರಿ ಎರಡು ಗಂಟೆಗೆ ಟ್ರ್ಯಾಕ್ಟರ್ ಮಗುಚಿದ್ದಲ್ಲಿಗೆ ನೀವೇ ಬರುತ್ತೀರೋ, ಸಹಾಯಕರನ್ನು ಕಳುಹಿಸುತ್ತೀರೋ? ಪೊಲೀಸ್ ಅಧಿಕಾರಿ ವ್ಯವಸ್ಥೆಯ ಬಗ್ಗೆ ಮಾತನಾಡಿದರು. ಆಂಬುಲೆನ್ಸಿನವರು ಆ ಮುದುಕರ ನೆರೆಮನೆಯವರ ಹೆಸರು ಹೇಳಿ, ಅಲ್ಲಿಗೆ ಹೋದವಳು ನಾನೇ ಎಂದರು. ಗೆದ್ದವರು ಅವರೇ.

ಇದನ್ನು ಕೇಳಿದವರಿಗೆ ಹಳ್ಳಿಯ ಪ್ರಜಾಪ್ರಭುತ್ವದ ಮೇಲೆ ಮೆಚ್ಚುಗೆ ಮೂಡಬಹುದು. ನನಗೆ ಮೆಚ್ಚುಗೆಯಷ್ಟೇ ಕಳವಳವೂ ಇದೆ. ಸಾವಿಗೆ ಪಕ್ಷವೆಲ್ಲಿಯದು? ಆದರೂ 2020ರಲ್ಲಿ ಕೋವಿಡ್ ಸಾವುಗಳನ್ನು ಹೇಗೆ ಎಣಿಸಬೇಕೆಂಬ ಬಗ್ಗೆ ಈ ರಾಜ್ಯದ ಕೊರೋನರುಗಳಿಗೂ ಆರೋಗ್ಯ ಇಲಾಖೆಗೂ ಜಟಾಪಟಿಯಾದಾಗ, ಅವರು ಎತ್ತಿದ ಪ್ರಶ್ನೆಗಳಲ್ಲಿ ಹುರುಳಿದ್ದರೂ, ಕೇಳಿದವರು ತಮ್ಮ ತಮ್ಮ ಪಕ್ಷದ ಕಿವಿಯಿಂದಲೇ ಕೇಳಿದರು. ಅದಕ್ಕಿಂತ ಗಂಭೀರವಾದದ್ದು ಹಣದ ಪ್ರಶ್ನೆ. ಕ್ಯಾಮರನ್ ಕೌಂಟಿಯಂಥ ಕಡೆ ಇಡೀ ಕೌಂಟಿಯ ಜನಸಂಖ್ಯೆ ಐದು ಸಾವಿರವನ್ನೂ ಮುಟ್ಟುವುದಿಲ್ಲ. ಅಲ್ಲಿ ವಿಧಿವಿಜ್ಞಾನ ತಜ್ಞರು ಇರುವುದಿಲ್ಲ. ಮರಣೋತ್ತರ ಪರೀಕ್ಷೆ ಬೇಕೆಂದರೆ ಶವವನ್ನು ದೂರದ ನಗರಕ್ಕೆ ಸಾಗಿಸಬೇಕು, ಆ ವೆಚ್ಚವನ್ನು ಕೌಂಟಿಯ ಆಯುಕ್ತರು ಮಂಜೂರು ಮಾಡಿದ ಸಣ್ಣ ಬಜೆಟ್ಟಿನಲ್ಲಿಯೇ ಭರಿಸಬೇಕು. ಹೀಗಾಗಿ ಯಾವ ಶವವನ್ನು ಕಳುಹಿಸಬೇಕು, ಯಾವುದನ್ನು ಮೇಲ್ನೋಟದಿಂದ ತೀರ್ಮಾನಿಸಬೇಕು ಎಂಬಲ್ಲಿ ವಿಜ್ಞಾನದ ಜೊತೆ ಲೆಕ್ಕಪತ್ರವೂ ಮಾತನಾಡುತ್ತದೆ. ಮಾದಕ ವಸ್ತುಗಳಿಂದ ದೇಶದಲ್ಲಿ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಮಂದಿ ಸತ್ತ 2021ರಂಥ ವರ್ಷಗಳಲ್ಲಿ, ಯಾವ ಮಾದಕ ವಸ್ತು ಎಂದು ಪ್ರಮಾಣಪತ್ರದಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ರಾಷ್ಟ್ರದ ಅಂಕಿಅಂಶವೇ ಮಸುಕಾಗುತ್ತದೆ. ಹಾಗೆ ಬರೆಯದೆ ಬಿಟ್ಟವರಲ್ಲಿ ಗ್ರಾಮೀಣ ಕೊರೋನರುಗಳು ಕಡಿಮೆಯಿರಲಿಲ್ಲ. ಇನ್ನು ಶವಸಂಸ್ಕಾರದ ವ್ಯಾಪಾರಿಯೇ ಕೊರೋನರ್ ಆಗುವುದರಲ್ಲಿರುವ ಹಿತಾಸಕ್ತಿಯ ತೊಡಕನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಆಕ್ಷೇಪವಿದ್ದೂ ಈ ಹುದ್ದೆಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ನಮ್ಮವರ ಮನೆಯ ಸಾವೊಂದರಿಂದ. ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬರುವ ತಂದೆತಾಯಿಗಳನ್ನು ಹೊರನಾಡ ಕನ್ನಡಿಗರೆಲ್ಲ ಬಲ್ಲರು. ಅವರಿಗೆ ಇಲ್ಲಿ ಕುಟುಂಬದ ವೈದ್ಯರೆಂದು ಯಾರೂ ಇರುವುದಿಲ್ಲ. ಆದ್ದರಿಂದ ಅವರು ನಿದ್ದೆಯಲ್ಲಿ ತೀರಿಕೊಂಡರೂ ಪ್ರಮಾಣಪತ್ರಕ್ಕೆ ಸಹಿ ಹಾಕುವ ವೈದ್ಯರು ಸಿಗದೆ, ಪ್ರಕರಣ ಕೊರೋನರ ಬಳಿಗೇ ಹೋಗುತ್ತದೆ. ಮೈಸೂರಿನಿಂದ ಬಂದಿದ್ದ ಸ್ನೇಹಿತರ ತಂದೆಯವರು ಹೀಗೆ ಹೋದಾಗ ಬಂದ ಕೊರೋನರ್ ಆ ಆಂಬುಲೆನ್ಸಿನ ಮಹಿಳೆಯೇ. ಶೂ ಬಿಚ್ಚಿ ಒಳಬಂದು, ಹಾಸಿಗೆಯ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಮಾತ್ರೆಯ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದೊಂದರ ಹೆಸರನ್ನೂ ಬರೆದುಕೊಂಡರು. ರಕ್ತದೊತ್ತಡಕ್ಕೆ ಯಾವುದು, ಸಕ್ಕರೆ ಕಾಯಿಲೆಗೆ ಯಾವುದು ಎಂದು ಕೇಳಿದರು. ಮೈಸೂರಿನಿಂದ ವಾಟ್ಸ್‌ಆ್ಯಪಿನಲ್ಲಿ ತರಿಸಿದ ಹಳೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯ ವಿವರ ಸಿಕ್ಕಮೇಲೆ, ದೇಹವನ್ನು ಕೊಯ್ಯುವ ಅಗತ್ಯ ತನಗೆ ಕಾಣುತ್ತಿಲ್ಲವೆಂದೂ ಅದಕ್ಕೆ ಕಾರಣವೇನೆಂದೂ ಮಗನಿಗೆ ಬಿಡಿಸಿ ಹೇಳಿದರು. ದಹನಕ್ಕೆ ಇಲ್ಲಿ 24 ಗಂಟೆ ಕಾಯಬೇಕು, ಕೊರೋನರ ಅನುಮತಿಪತ್ರವೂ ಬೇಕು. ಸೂರ್ಯ ಮುಳುಗುವುದರೊಳಗೆ ಮುಗಿಸಬೇಕೆಂಬ ನಮ್ಮ ತವಕಕ್ಕೆ ಈ ನಿಯಮ ಒಗ್ಗುವುದಿಲ್ಲ. ಆದರೆ ಏನು, ಯಾಕೆ, ಯಾವಾಗ ಎಂಬ ಮೂರೂ ಪ್ರಶ್ನೆಗೆ ಉತ್ತರ ಕೊಡುವ ವ್ಯಕ್ತಿಯೊಬ್ಬರು ಎದುರಿಗೆ ಕೂತಿದ್ದರು, ಹೋಗುವಾಗ ತಮ್ಮ ಸ್ವಂತ ಮೊಬೈಲ್ ಸಂಖ್ಯೆಯನ್ನೂ ಕೊಟ್ಟುಹೋದರು.

ನಮ್ಮ ತಾಲ್ಲೂಕುಗಳಲ್ಲಿ ಇಂಥ ಸಾವು ಹೇಗೆ ಸಾಗುತ್ತದೆಂದು ಓದುಗರಿಗೆ ಗೊತ್ತೇ ಇದೆ. ಪಂಪ್‌ಸೆಟ್ಟಿನ ಬಳಿ ವಿದ್ಯುತ್ ತಗುಲಿಯೋ ಬಾವಿಗೆ ಬಿದ್ದೋ ಯಾರಾದರೂ ಸತ್ತರೆ ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಾಗುತ್ತದೆ. ಸಬ್ ಇನ್ಸ್‌ಪೆಕ್ಟರ್ ಬಂದು ಪಂಚರನ್ನು ಕರೆದು ಶವದ ಪಂಚನಾಮೆ ಬರೆಯುತ್ತಾರೆ, ತಾಲ್ಲೂಕು ಆಸ್ಪತ್ರೆಯ ಶವಾಗಾರದಲ್ಲಿ ವೈದ್ಯರು ಮರಣೋತ್ತರ ಪರೀಕ್ಷೆ ನಡೆಸುತ್ತಾರೆ, ಅನುಮಾನವಿದ್ದರೆ ವಿಸೆರಾ (ಒಳಾಂಗಗಳ ಮಾದರಿ) ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಹೋಗುತ್ತದೆ. ಒಂದು ವಿಷಯದಲ್ಲಿ ನಾವು ಇವರಿಗಿಂತ ಮುಂದಿದ್ದೇವೆ ಎಂಬುದನ್ನು ಮರೆಯಬಾರದು: ನಮ್ಮಲ್ಲಿ ಮರಣೋತ್ತರ ಪರೀಕ್ಷೆ ನಡೆಯಬೇಕೋ ಬೇಡವೋ ಎಂಬುದು ಕೌಂಟಿಯ ಬಜೆಟ್ಟಿನ ಮೇಲೆ ನಿಂತಿಲ್ಲ, ಶವವನ್ನು ನೋಡುವವರು ಎಂಬಿಬಿಎಸ್ ಓದಿದವರು. ಆದರೆ ಆ ವೈದ್ಯರು ಮನೆಯವರೊಡನೆ ಮಾತನಾಡುವುದು ಅಪರೂಪ. ವರದಿ ಠಾಣೆಗೆ ಹೋಗುತ್ತದೆ, ಮನೆಯವರೂ ಠಾಣೆಗೇ ಹೋಗಬೇಕು. ನನ್ನ ದೊಡ್ಡಪ್ಪನ ಮಗ ತೋಟದಲ್ಲಿ ಸತ್ತಾಗ ವಿಸೆರಾ ವರದಿ ಬಂತೇ ಎಂದು ಕೇಳಲು ಅತ್ತಿಗೆ ತಿಂಗಳುಗಟ್ಟಲೆ ಅಲೆದರು. ಪ್ರತಿ ಸಲವೂ ಕೌಂಟರಿನಲ್ಲಿ ಬೇರೆ ಬೇರೆ ಮುಖ, ಉತ್ತರ ಮಾತ್ರ ಒಂದೇ, ಇನ್ನೂ ಬಂದಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಕೊರೋನರ್ ತಮ್ಮ ಅಧಿಕೃತ ದಾಖಲೆಗಳನ್ನು ವರ್ಷಕ್ಕೊಮ್ಮೆ ಕೌಂಟಿ ನ್ಯಾಯಾಲಯದ ದಾಖಲೆ ಕಚೇರಿಯಲ್ಲಿ ಸಾರ್ವಜನಿಕರ ಪರಿಶೀಲನೆಗೆ ಇಡಬೇಕೆಂಬ ಕಾನೂನಿದೆ ಎಂದು ತಿಳಿದಾಗ ನನಗೆ ನೆನಪಾದವರು ಅತ್ತಿಗೆ.

ಭಾರತಕ್ಕೆ ಕೊರೋನರ್ ಹುದ್ದೆ ಹೊಸದೇನಲ್ಲ. 1871ರ ಕಾಯಿದೆಯಡಿ ಕಲ್ಕತ್ತಾ ಮತ್ತು ಬೊಂಬಾಯಿಗಳಲ್ಲಿ ಸರ್ಕಾರ ನೇಮಿಸಿದ ಕೊರೋನರುಗಳಿದ್ದರು. ಮುಂಬಯಿಯಲ್ಲಿ ಅದು 1999ರವರೆಗೂ ಉಳಿದಿತ್ತು. ಉಳಿದೆಡೆ ಪೊಲೀಸರೇ. ಆದರೂ ನಮ್ಮ ಕಾನೂನು ಕೆಲವು ಸಾವುಗಳಲ್ಲಿ ಪೊಲೀಸರ ಮಾತೊಂದೇ ಸಾಲದು ಎಂದು ತಾನೇ ಒಪ್ಪಿಕೊಂಡಿದೆ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತರೆ ತಹಶೀಲ್ದಾರರು ಬಂದು ಶವ ತನಿಖೆ ನಡೆಸುವುದನ್ನು ನಾವೆಲ್ಲ ಕಂಡಿದ್ದೇವೆ. ಪೊಲೀಸರ ವಶದಲ್ಲಿ ಯಾರಾದರೂ ಸತ್ತರೆ ನ್ಯಾಯಿಕ ಮ್ಯಾಜಿಸ್ಟ್ರೇಟರು ವಿಚಾರಣೆ ನಡೆಸಬೇಕು. ಹಾಗಿದ್ದಮೇಲೆ ಬಾವಿಗೆ ಬಿದ್ದ ಕೂಲಿಯವನ, ಕಾರ್ಖಾನೆಯ ಗುಂಡಿಗಿಳಿದು ಉಸಿರುಕಟ್ಟಿದ ಪೌರಕಾರ್ಮಿಕನ ಸಾವಿಗೆ ಅಂಥ ಬೇರೊಂದು ಕಣ್ಣು ಏಕೆ ಬೇಡ? ಅಲ್ಲಿಯೂ ಬಲವುಳ್ಳವರ ಹಿತ ಅಡಗಿರಬಹುದಲ್ಲ.

ರೈತರ ಆತ್ಮಹತ್ಯೆಯ ಪ್ರಕರಣಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ. ಕರ್ನಾಟಕ ಸರ್ಕಾರ 2015ರಲ್ಲಿ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಸಾವು ಪರಿಹಾರಕ್ಕೆ ಅರ್ಹವೇ ಎಂಬುದನ್ನು ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಸಮಿತಿ ತೀರ್ಮಾನಿಸುತ್ತದೆ. ಪೊಲೀಸ್ ವರದಿ, ಮರಣೋತ್ತರ ವರದಿ, ಎಫ್‌ಎಸ್‌ಎಲ್ ವರದಿ, ಸಾಲದ ಕಾಗದ ಎಲ್ಲವೂ ಅಲ್ಲಿಗೆ ಸೇರಬೇಕು. ಅಂದರೆ ಸಾವಿಗೆ ಕಾರಣ ಹುಡುಕುವ ಸರ್ಕಾರವೇ ಹಣ ಕೊಡಬೇಕಾದ ಸರ್ಕಾರವೂ ಆಗಿದೆ. ಅಧಿಕಾರಿಗಳು ಅಪ್ರಾಮಾಣಿಕರೆಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕರಾದವರ ತೀರ್ಮಾನವನ್ನೂ ಊರಿನವರು ನಂಬದಂತಾಗುವುದು ಇಂಥ ಏರ್ಪಾಟಿನಿಂದಲೇ.

ಹಾಗೆಂದು ಅಮೆರಿಕದಲ್ಲಿ ಈ ಪ್ರತ್ಯೇಕತೆ ಎಲ್ಲೆಡೆ ಇದೆಯೆಂದು ಭಾವಿಸಬೇಕಿಲ್ಲ. ಕ್ಯಾಲಿಫೋರ್ನಿಯಾದ ಹೆಚ್ಚಿನ ಕೌಂಟಿಗಳಲ್ಲಿ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ತಾನೇ ಕೊರೋನರ್ ಕೂಡ. ಅಲ್ಲಿಯ ಸ್ಯಾನ್ ವಾಕೀನ್ ಕೌಂಟಿಯಲ್ಲಿ ಮರಣೋತ್ತರ ಪರೀಕ್ಷೆ ನಡೆಸುತ್ತಿದ್ದ ವೈದ್ಯ ಬೆನೆಟ್ ಒಮಾಲು 2017ರ ಕೊನೆಯಲ್ಲಿ, ಪೊಲೀಸರು ಭಾಗಿಯಾದ ಸಾವುಗಳ ತೀರ್ಮಾನದಲ್ಲಿ ಶೆರಿಫ್ ಕೈಹಾಕುತ್ತಿದ್ದಾರೆಂದು ಆರೋಪಿಸಿ ಸಹೋದ್ಯೋಗಿಯೊಡನೆ ರಾಜೀನಾಮೆ ಕೊಟ್ಟರು. ಶೆರಿಫ್ ಆರೋಪವನ್ನು ಅಲ್ಲಗಳೆದರು, ಆದರೂ ಮರುವರ್ಷ ಕೌಂಟಿ ಆಡಳಿತ ಆ ಕೆಲಸವನ್ನು ಶೆರಿಫರಿಂದ ಬಿಡಿಸಿತು. ವಾಷಿಂಗ್ಟನ್ ರಾಜ್ಯದ ಸಣ್ಣ ಕೌಂಟಿಗಳಲ್ಲಿ ಸರ್ಕಾರಿ ಅಭಿಯೋಜಕರೇ ಕೊರೋನರ್ ಕೂಡ ಆಗಿರುತ್ತಿದ್ದ ಪದ್ಧತಿಯನ್ನು 2021ರ ಕಾನೂನು ಕೊನೆಗಾಣಿಸಿ, 2025ರಿಂದ ಬೇರ್ಪಡಿಸಿದೆ. ಎರಡೂ ಕಡೆ ಜನ ಕೇಳಿದ್ದು ಹೆಚ್ಚು ಚುನಾವಣೆಯನ್ನಲ್ಲ, ಹೆಚ್ಚು ಅಂತರವನ್ನು.

ಕರ್ನಾಟಕದಲ್ಲಿ ಇಂಥ ಹುದ್ದೆಗೆ ಚುನಾವಣೆ ನಡೆಸಿದರೆ ಏನಾಗುತ್ತದೆಂದು ಊಹಿಸಲು ಗ್ರಾಮ ಪಂಚಾಯಿತಿ ಚುನಾವಣೆಯೊಂದನ್ನು ನೋಡಿದ್ದರೆ ಸಾಕು. ಜಾತಿ ಲೆಕ್ಕಾಚಾರವೂ ಬಾಡೂಟವೂ ಶವಾಗಾರದ ಬಾಗಿಲಿಗೆ ಬಂದು ನಿಲ್ಲುತ್ತವೆ. ನನಗೆ ಬೇಕಾದದ್ದು ಅದಲ್ಲ. ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಂ ಪ್ರಕಾರ ಪೊಲೀಸರ ಶವ ತನಿಖೆಯ ವರದಿ 24 ಗಂಟೆಯೊಳಗೆ ಜಿಲ್ಲಾ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ತಲುಪಿದ ಮೇಲೆ ಅದನ್ನು ಓದಿ ಮನೆಯವರನ್ನು ಕರೆದು ಮಾತನಾಡುವವರು ಯಾರೆಂಬುದನ್ನು ಗೊತ್ತುಮಾಡಿದರೆ ಅರ್ಧ ಕೆಲಸವಾದಂತೆ. ಪ್ರತಿ ಉಪವಿಭಾಗಕ್ಕೆ ವಿಧಿವಿಜ್ಞಾನ ಓದಿದ ಒಬ್ಬ ವೈದ್ಯಾಧಿಕಾರಿ ಇರಲಿ, ಅವರು ಗೃಹ ಇಲಾಖೆಗೆ ಅಧೀನರಾಗದಿರಲಿ, ಮರಣೋತ್ತರ ವರದಿಯ ಪ್ರತಿಯೊಂದು ಅವರ ಕೈಯಿಂದಲೇ ಕುಟುಂಬಕ್ಕೆ ಸಲ್ಲಲಿ, ವಿಸೆರಾ ವರದಿ ಬರದಿದ್ದರೆ ಏಕೆ ಬಂದಿಲ್ಲವೆಂದು ಎಫ್‌ಎಸ್‌ಎಲ್‌ಗೆ ಬರೆದು ಕೇಳುವ ಹೊಣೆಯೂ ಅವರದೇ ಆಗಲಿ. ಇದಕ್ಕೆ ಬೇಕಾದ ವೈದ್ಯರು ನಮ್ಮ ಸರ್ಕಾರಿ ವೈದ್ಯಕೀಯ ಕಾಲೇಜುಗಳ ವಿಧಿವಿಜ್ಞಾನ ವಿಭಾಗಗಳಿಂದಲೇ ಬರಬಹುದು. ಅಂಥ ಅಧಿಕಾರಿಯ ಹೆಸರೂ ಫೋನ್ ಸಂಖ್ಯೆಯೂ ಯುಡಿಆರ್ ಪ್ರತಿಯ ಮೊದಲ ಪುಟದಲ್ಲಿ ಅಚ್ಚಾಗಿರಬೇಕೆಂಬ ಒಂದು ಸುತ್ತೋಲೆಗೆ ಶಾಸಕಾಂಗದ ಒಪ್ಪಿಗೆಯೂ ಬೇಕಾಗಲಾರದು.