ರೆಸಿಸ್ಟರ್ ಕೇಳಿದರೆ ರಿಜಿಸ್ಟರ್

ಅಪ್ಪನ ಕಾಲದ ರೇಡಿಯೊ ಸುಮ್ಮನಾಯಿತು. ಬಿಚ್ಚಿ ನೋಡಿದರೆ ಒಂದು ರೆಸಿಸ್ಟರ್, ಅಂದರೆ ಕರೆಂಟಿನ ಹರಿವಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ, ಸುಟ್ಟಿತ್ತು. ಕಂದು, ಕಪ್ಪು, ಕೆಂಪು ಪಟ್ಟಿ ಇನ್ನೂ ಕಾಣುತ್ತಿದ್ದವು. ತಡೆ ಎಷ್ಟು ಅಂತ ಹೇಳೋದು ಈ ಬಣ್ಣಗಳೇ. ಇಲ್ಲಿ 1 ಕಿಲೋ ಓಮ್. ಅಕ್ಕಿಕಾಳಿನಷ್ಟು ವಸ್ತು, 1 ರೂಪಾಯಿಯ ಮಾಲು. ಮೈಸೂರಲ್ಲಿ ಸಿಗದೇ ಇರುತ್ತಾ?

ದೇವರಾಜ ಅರಸು ರಸ್ತೆಗೆ ಹೋದೆ. 'ಎಲೆಕ್ಟ್ರಾನಿಕ್ಸ್' ಅಂತ ದೊಡ್ಡ ಬೋರ್ಡು, ಒಳಗೆ ಏಸಿ, ಗೋಡೆ ತುಂಬ ಟಿವಿ.

"ರೆಸಿಸ್ಟರ್ ಇದೆಯಾ?"

"ರಿಜಿಸ್ಟರ್ ಪಕ್ಕದ ಸ್ಟೇಷನರೀಲಿ ಸಿಗುತ್ತೆ ಸಾರ್. 200 ಪೇಜಿಂದಾ?"

ಇನ್ನೊಂದು ಅಂಗಡಿಯವರು ಕೆಟ್ಟ ರೇಡಿಯೊ ಕೊಟ್ಟು ಹೊಸ ಟಿವಿ ಒಯ್ಯಿರಿ ಎಂದರು. ಕಂತಿನಲ್ಲಿ ಬೇರೆ.

ಇದೇ ಊರಲ್ಲಿ 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಮನೆಯಿಂದಲೇ ರೇಡಿಯೊ ಕೇಂದ್ರ ನಡೆಸಿದರು. 'ಆಕಾಶವಾಣಿ' ಅನ್ನೋ ಹೆಸರು ಬಂದದ್ದು ಅಲ್ಲಿಂದ. ಅವರು ಮನಃಶಾಸ್ತ್ರದ ಮೇಷ್ಟ್ರು. ಈಗ ಊರಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ: 1946ರ ಎನ್‌ಐಇ ಇದೆ, 1963ರ ಎಸ್‌ಜೆಸಿಇ ಇದೆ. ಬೀದಿಗೊಬ್ಬ ಎಂಜಿನಿಯರ್ ಇದ್ದಾನೆ. ನನಗೆ ಬೇಕಾಗಿದ್ದ ಆ ಅಕ್ಕಿಕಾಳು ಮಾತ್ರ ಇಲ್ಲ.

ಕೊನೆಗೆ ಸಂತೇಪೇಟೆ ಕಡೆ ಒಂದು ಹಳೇ ಅಂಗಡಿ ಸಿಕ್ಕಿತು. ಸಣ್ಣ ಸಣ್ಣ ಡ್ರಾಯರ್, ಸೋಲ್ಡರ್ ವಾಸನೆ. ಜೀವ ಬಂತು. ಯಜಮಾನರು ಕನ್ನಡಕದ ಮೇಲಿಂದ ನೋಡಿ, "ಸ್ಯಾಂಪಲ್ ತಂದಿದ್ದೀರಾ?" ಎಂದರು. ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದರು.

"ಖಾಲಿ. ಯಾರೂ ಕೇಳಲ್ಲ ಅಂತ ತರಿಸಿಲ್ಲ."

ಯಾರೂ ಕೇಳದ ಮಾಲು ಖಾಲಿಯಾದದ್ದು ಹೇಗೆ ಅಂತ ಕೇಳಲು ಧೈರ್ಯ ಬರಲಿಲ್ಲ. "ಆನ್‌ಲೈನಲ್ಲಿ ತರಿಸ್ಕೊಳ್ಳಿ, ನಾವೂ ಅಲ್ಲಿಂದ್ಲೇ ತರಿಸೋದು" ಎಂದು ಅವರೇ ಹೇಳಿದರು.

ಆನ್‌ಲೈನಲ್ಲಿ ಒಂದೇ ಒಂದು ಕೊಡುವುದಿಲ್ಲ. 100ರ ಪ್ಯಾಕೆಟ್ಟಿಗೆ 90 ರೂಪಾಯಿ, ಡೆಲಿವರಿಗೆ 70. 499 ದಾಟಿದರೆ ಡೆಲಿವರಿ ಫ್ರೀ. ಸರಿ, 70 ರೂಪಾಯಿ ಉಳಿಸೋಣ ಅಂತ ಸೋಲ್ಡರಿಂಗ್ ಐರನ್ನು, ಲೆಡ್ಡು, ಏನಕ್ಕೆಂದು ಇವತ್ತಿಗೂ ಗೊತ್ತಾಗದ ಒಂದು ಇಕ್ಕಳ ಸೇರಿಸಿದೆ. ಬಿಲ್ 512. ಮನೆಯಲ್ಲಿ 70 ಉಳಿಸಿದ್ದನ್ನಷ್ಟೇ ಹೇಳಿದೆ.

ಐದನೇ ದಿನ ಚಪ್ಪಲಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಬಂತು. ಒಳಗೆ ಗುಳ್ಳೆ ಪ್ಲಾಸ್ಟಿಕ್ಕು, ಅದರೊಳಗೆ ಇನ್ನೊಂದು ಕವರು. ರೆಸಿಸ್ಟರ್ ನೋಡಿದರೆ ಕಂದು, ಕಪ್ಪು, ಕಿತ್ತಳೆ. ಅಂದರೆ 10 ಕಿಲೋ ಓಮ್! ದೂರು ಕೊಟ್ಟೆ. ಪೆಟ್ಟಿಗೆಯ ಆರೂ ಮುಖದ ಫೋಟೊ ಕೇಳಿದರು. ಕಳಿಸಿದೆ. ಬಹಳ ವಿಚಾರಿಸಿ, ಸರಿಯಾದದ್ದು ಕಳಿಸುತ್ತೇವೆ, ತಪ್ಪಿದ್ದನ್ನು ನೀವೇ ಇಟ್ಟುಕೊಳ್ಳಿ ಎಂದರು.

ಈಗ ರೇಡಿಯೊ ಹಾಡುತ್ತಿದೆ. ಡಬ್ಬಿಯಲ್ಲಿ 199 ರೆಸಿಸ್ಟರ್ ಉಳಿದಿವೆ. ಸಂತೇಪೇಟೆ ಯಜಮಾನರಿಗೆ ಈ ಸುದ್ದಿ ಹೇಳಿದ್ದೇ ತಪ್ಪಾಯಿತು. ನಿನ್ನೆ ಸಂಜೆ ಕಾಲೇಜು ಹುಡುಗನೊಬ್ಬ ಗೇಟಿನ ಹತ್ತಿರ ನಿಂತಿದ್ದ.

"ಅಂಕಲ್, 1 ಕೆ ರೆಸಿಸ್ಟರ್ ನಿಮ್ಮನೇಲಿ ಸಿಗುತ್ತೆ ಅಂತ ಅಂಗಡೀಲಿ ಹೇಳಿ ಕಳಿಸಿದ್ರು."

ಕನ್ನಡಕದ ಮೇಲಿಂದ ಅವನನ್ನು ನೋಡಿದೆ.

"ಸ್ಯಾಂಪಲ್ ತಂದಿದ್ದೀಯೇನಪ್ಪಾ?"